ಓಪನಿಂಗ್ ಕಾರ್ಡಿನಿಂದ ಕಂಪನಿ ಪ್ರೊಫೈಲ್‌ವರೆಗೆ: ಆಕ್ಸ್‌ಫರ್ಡ್ ಲರ್ನರ್ಸ್ ಡಿಕ್ಷನರಿ ನಮ್ಮ ಕೆಲಸಕ್ಕೆ ಬರುತ್ತದಾ?

ಹೊಸ ಅಂಗಡಿ, ಹೊಸ ಕಂಪನಿ, ಹೊಸ ಸಂಘ. ಇವುಗಳ ಕಾರ್ಡು, ಬೋರ್ಡು, ಪ್ರೊಫೈಲು ಇಂಗ್ಲಿಷಿನಲ್ಲಿ ಬರೆದು ಡಿಟಿಪಿ ಮಾಡಿಕೊಡುವುದು ನನ್ನ ಕೆಲಸ. ದಸರೆಯಿಂದ ದೀಪಾವಳಿ ಪಾಡ್ಯದವರೆಗೆ, ಆಮೇಲೆ ಅಕ್ಷಯ ತೃತೀಯದ ಹೊತ್ತಿಗೆ, ಹುಬ್ಬಳ್ಳಿಯಲ್ಲಿ ಈ ಕೆಲಸಕ್ಕೆ ಬಿಡುವೇ ಇರುವುದಿಲ್ಲ. ಆಗೆಲ್ಲ ನನ್ನ ಕೈ ಮೊದಲು ಹೋಗುವುದು ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ಡಿಕ್ಷನರಿಗೆ. ಇಡೀ ಡಿಕ್ಷನರಿಯ ವಿಮರ್ಶೆ ಇದಲ್ಲ. ಹೊಸದಾಗಿ ಏನಾದರೂ ಶುರು ಮಾಡುವುದಕ್ಕೆ ಇಂಗ್ಲಿಷಿನಲ್ಲಿ ಒಂದು ರಾಶಿ ಪದಗಳಿವೆ, ಅಲ್ವಾ? ಅವುಗಳಲ್ಲಿ ಎಲ್ಲಿ ಯಾವುದು ಹೊಂದುತ್ತದೆ ಅನ್ನುವುದನ್ನು ಈ ಪುಸ್ತಕ ಎಷ್ಟು ಚೆನ್ನಾಗಿ ಹೇಳುತ್ತದೆ ಅಂತ ಮಾತ್ರ ಬರೆಯುತ್ತೇನೆ. ನಮ್ಮ ಕಡೆ ಕಾರ್ಡು ಬೋರ್ಡುಗಳಲ್ಲಿ ತಪ್ಪು ಜಾಸ್ತಿ ಆಗುವುದೂ ಅಲ್ಲೇ.

ಒಂದೇ ಮಾತಲ್ಲಿ ಹೇಳುವುದಾದರೆ, ಕೊಳ್ಳಿ.

ಇದು ಹುಟ್ಟಿದ್ದೇ ಇಂಗ್ಲಿಷ್ ಮನೆಮಾತಲ್ಲದವರಿಗಾಗಿ. ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ. ಎಸ್. ಹಾರ್ನ್‌ಬಿ ಮತ್ತು ಜೊತೆಗಾರರು ಮಾಡಿದ ಡಿಕ್ಷನರಿ 1942ರಲ್ಲಿ ಟೋಕಿಯೋದಲ್ಲಿ ಅಚ್ಚಾಯಿತು. 1948ರಲ್ಲಿ ಅದನ್ನೇ ಆಕ್ಸ್‌ಫರ್ಡ್‌ನವರು ಹೊರತಂದರು. 2020ರಲ್ಲಿ ಬಂದದ್ದು ಹತ್ತನೇ ಆವೃತ್ತಿ. ಅದಕ್ಕೇ ಇದರಲ್ಲಿ ಬರೀ ಅರ್ಥ ಇರುವುದಿಲ್ಲ. ಆ ಪದದ ಜೊತೆ ಏನು ಬರುತ್ತದೆ, ಅದನ್ನು ಎಂಥ ಕಡೆ ಬಳಸುತ್ತಾರೆ ಅನ್ನುವುದೂ ಉದಾಹರಣೆ ಸಮೇತ ಇರುತ್ತದೆ. ನಮಗೆ ಬೇಕಾಗುವುದು ಅದೇ.

‘ಫೌಂಡ್’ ತೆಗೆದುಕೊಳ್ಳಿ. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರು ಹೊರದೇಶದ ಖರೀದಿದಾರರಿಗೆ ಕಳಿಸಲು ಪ್ರೊಫೈಲ್ ತಂದಿದ್ದರು. ಬೇರೆ ಯಾರೋ ಬರೆದುಕೊಟ್ಟದ್ದು. ಮೊದಲ ಸಾಲಲ್ಲೇ ‘ವಾಸ್ ಫೌಂಡ್ ಇನ್ 1998’ ಅಂತ ಇತ್ತು. ಅಂದರೆ ಕಂಪನಿ 1998ರಲ್ಲಿ ಸಿಕ್ಕಿತು! ‘ಫೌಂಡ್ ಅಂದ್ರ ಸ್ಥಾಪನಾ ಅಲ್ಲೇನ್ರೀ?’ ಅಂತ ಕೇಳಿದರು. ಅವರು ಕೇಳಿದ್ದೂ ಸರಿಯೇ. ಸ್ಥಾಪಿಸು ಅನ್ನುವ ಫೌಂಡ್ ಬೇರೆ ಇದೆ, ಆದರೆ ಅದರ ಭೂತಕಾಲ ‘ಫೌಂಡೆಡ್’. ಫೈಂಡ್‌ನ ಭೂತಕಾಲ ಫೌಂಡ್. ಡಿಕ್ಷನರಿ ತೆಗೆದು ಅವರ ಮುಂದೆ ಇಟ್ಟೆ. ಎರಡೂ ಬೇರೆಬೇರೆ ಇವೆ, ಕ್ರಿಯಾಪದದ ರೂಪಗಳನ್ನೂ ಕೊಟ್ಟಿದ್ದಾರೆ, ಓದಿದ ಕೂಡಲೇ ಅವರಿಗೆ ಗೊತ್ತಾಯಿತು. ಇನ್ನೂ ಒಂದು ವಿಷಯ ಅಲ್ಲಿದೆ: ಸಂಸ್ಥೆಯನ್ನು ಶುರು ಮಾಡುವುದು, ಅದರಲ್ಲೂ ದುಡ್ಡು ಕೊಟ್ಟು, ಅನ್ನುವ ಅರ್ಥ. ಹಾಗಾಗಿ ಫೌಂಡೆಡ್ ಅಂದಾಗ ಹಿಂದೆ ಒಬ್ಬ ಮನುಷ್ಯ ಇದ್ದಾನೆ ಅಂತ ಓದುವವರಿಗೆ ಅನ್ನಿಸುತ್ತದೆ. ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಸಹಕಾರ ಸಂಘಕ್ಕೆ ಅದು ತಕ್ಕ ಪದ. ಕಟ್ಟಿದವರ ಹೆಸರು ಹೇಳದೆ ಬರೀ ಇಸವಿ ಕೊಡುವುದಿದ್ದರೆ ನಾನು ‘ಎಸ್ಟ್ಯಾಬ್ಲಿಷ್ಡ್’ ಹಾಕುತ್ತೇನೆ.

ಎಸ್ಟ್ಯಾಬ್ಲಿಷ್‌ಗೆ ಕೊಟ್ಟ ಅರ್ಥ ನನಗೆ ತುಂಬಾ ಇಷ್ಟ. ಬಹಳ ಕಾಲ ಉಳಿಯಲಿ ಅನ್ನುವ ಉದ್ದೇಶದಿಂದ ಸಂಸ್ಥೆಯನ್ನೋ ವ್ಯವಸ್ಥೆಯನ್ನೋ ಶುರು ಮಾಡುವುದು ಅಂತ ಇದೆ. ಈ ‘ಉಳಿಯುವುದು’ ಮುಖ್ಯ. ಧಾರವಾಡಕ್ಕೆ ಹೈಕೋರ್ಟ್ ಪೀಠ ಬಂದದ್ದನ್ನೇ ನೋಡಿ. 2008ರಲ್ಲಿ ಬಂದದ್ದು ಸಂಚಾರಿ ಪೀಠ, ಅದಕ್ಕೆ ‘ಸೆಟ್ ಅಪ್’ ಸಾಕು. 2013ರಲ್ಲಿ ಕಾಯಂ ಪೀಠ ಆಯಿತು, ಅಲ್ಲಿ ಎಸ್ಟ್ಯಾಬ್ಲಿಷ್ ಅನ್ನಿ, ತೂಕ ಸರಿಯಾಗುತ್ತದೆ. ಹಾಗಂತ ಸೆಟ್ ಅಪ್ ಕಡಿಮೆ ದರ್ಜೆಯ ಪದ ಅಲ್ಲ. ಕಮಿಟಿ, ಸ್ಟಾಲು, ಸಣ್ಣ ಘಟಕ, ಎಲ್ಲಕ್ಕೂ ಅದು ಸಹಜ. ಬಿಡಿಸಿ ಬರೆದರೆ ಕ್ರಿಯಾಪದ, ಕೂಡಿಸಿ ಬರೆದರೆ ನಾಮಪದ. ಬೋರ್ಡ್ ಬರೆಯುವವರು ಇದನ್ನು ಯಾಕೋ ಯಾವಾಗಲೂ ಅದಲುಬದಲು ಮಾಡುತ್ತಾರೆ.

ಇದಕ್ಕಿಂತ ಒಳ್ಳೆಯ ಪರೀಕ್ಷೆ ಐಐಟಿ ಧಾರವಾಡ. 2016ರಲ್ಲಿ ಸಂಸ್ಥೆ ಶುರುವಾಯಿತು, ವಾಲ್ಮಿ (ಜಲ ಮತ್ತು ನೆಲ ನಿರ್ವಹಣಾ ಸಂಸ್ಥೆ) ಆವರಣದಲ್ಲಿ ಕ್ಲಾಸುಗಳು ನಡೆದವು. ಕಾಯಂ ಕ್ಯಾಂಪಸ್ಸಿಗೆ ಶಂಕುಸ್ಥಾಪನೆ ಆದದ್ದು 2019ರ ಫೆಬ್ರುವರಿಯಲ್ಲಿ. ಉದ್ಘಾಟನೆ ಆದದ್ದು 2023ರ ಮಾರ್ಚ್ 12ರಂದು. ಇಷ್ಟನ್ನೂ ಇಂಗ್ಲಿಷಿನಲ್ಲಿ ‘ಸ್ಟಾರ್ಟೆಡ್’ ಅಂತ ಬರೆದರೆ ಓದಿದವರಿಗೆ ತಲೆ ಕೆಡುತ್ತದೆ. ಡಿಕ್ಷನರಿ ಹಿಡಿದು ಹೋದರೆ ದಾರಿ ಸಲೀಸು: ಸಂಸ್ಥೆ 2016ರಲ್ಲಿ ಎಸ್ಟ್ಯಾಬ್ಲಿಷ್ಡ್, ಕ್ಲಾಸು ‘ಬಿಗಿನ್’, 2019ರಲ್ಲಿ ‘ಫೌಂಡೇಶನ್ ಸ್ಟೋನ್’ಗೆ ‘ಲೇ’ ಅನ್ನುವ ಕ್ರಿಯಾಪದ, 2023ರಲ್ಲಿ ಕ್ಯಾಂಪಸ್ ‘ಇನಾಗುರೇಟೆಡ್’. ಫೌಂಡೇಶನ್ ಸ್ಟೋನ್ ಅನ್ನುವ ಪದವನ್ನು ತೆರೆದರೆ ಅದರ ಪಕ್ಕದಲ್ಲೇ ಲೇ ಸಿಗುತ್ತದೆ, ಬೇರೆ ಕಡೆ ಹುಡುಕಬೇಕಿಲ್ಲ. ಇಂಥ ಜೋಡಿಗಳನ್ನು ಹೇಳಿಕೊಡುವುದರಲ್ಲೇ ಈ ಪುಸ್ತಕದ ನಿಜವಾದ ಬೆಲೆ ಇದೆ.

ಇನಾಗುರೇಟ್ ಬಗ್ಗೆ ಒಂದು ಮಾತು ಹೇಳಲೇಬೇಕು. ಅದರಲ್ಲಿ ಸಮಾರಂಭ ಸೇರಿಕೊಂಡಿದೆ. ದೊಡ್ಡವರು ಬಂದು ರಿಬ್ಬನ್ ಕತ್ತರಿಸುವುದಿದ್ದರೆ ಹಾಕಿ, ಅವರ ಹೆಸರಿನ ಮುಂದೆ ಚೆನ್ನಾಗಿಯೇ ಕಾಣುತ್ತದೆ. ಮನೆಯವರೇ ಸೇರಿ ಪೂಜೆ ಮಾಡಿ ಶಟರ್ ಎತ್ತುವ ರೊಟ್ಟಿ ಅಂಗಡಿಗೆ ‘ಓಪನಿಂಗ್’ ಅನ್ನುವ ಪದವೇ ಚೆಂದ. ‘ಲಾಂಚ್’ ಇನ್ನೂ ಬೇರೆ. ಹೊಸ ಮಸಾಲೆ ಪುಡಿ, ಹೊಸ ಆ್ಯಪ್, ಹೊಸ ಯೋಜನೆ ಜನರಿಗೆ ಮೊದಲ ಸಲ ಸಿಗುವಾಗ ಲಾಂಚ್. ಕಟ್ಟಡಕ್ಕೆ ಅದು ಹೊಂದುವುದಿಲ್ಲ. ಗೋಕುಲ ರಸ್ತೆ ಕಡೆಯ ಸ್ಟಾರ್ಟಪ್ ಹುಡುಗರಿಗೆ ಇದು ಗೊತ್ತು, ಅಂಗಡಿಯವರಿಗೆ ಹೇಳಬೇಕಾಗುತ್ತದೆ.

ಸರ್ಕಾರಿ ಫಾರಂಗಳ ವಿಷಯದಲ್ಲೂ ಪುಸ್ತಕ ಕೈಕೊಡುವುದಿಲ್ಲ. ಸಣ್ಣ ಉದ್ದಿಮೆಗಳು ಮಾಡಿಸುವ ಉದ್ಯಮ್ ನೋಂದಣಿಯಲ್ಲಿ ‘ಇನ್‌ಕಾರ್ಪೊರೇಶನ್’ ದಿನಾಂಕ ಬೇರೆ, ‘ಕಮೆನ್ಸ್‌ಮೆಂಟ್’ ದಿನಾಂಕ ಬೇರೆ. ಜಿಎಸ್‌ಟಿ ಅರ್ಜಿಯಲ್ಲೂ ವ್ಯಾಪಾರದ ಕಮೆನ್ಸ್‌ಮೆಂಟ್ ಕೇಳುತ್ತಾರೆ. ಜನ ಎರಡಕ್ಕೂ ಸುಮ್ನೆ ಒಂದೇ ದಿನಾಂಕ ತುಂಬಿಬಿಡುತ್ತಾರೆ. ಇನ್‌ಕಾರ್ಪೊರೇಟ್ ಅಂದರೆ ಕಾನೂನು ಒಪ್ಪುವ ಕಂಪನಿಯಾಗಿ ರೂಪಿಸುವುದು. ಕಮೆನ್ಸ್ ಅಂದರೆ ಶುರು ಮಾಡುವುದು, ಪಕ್ಕದಲ್ಲಿ ‘ಫಾರ್ಮಲ್’ ಅಂತ ಗುರುತು ಹಾಕಿದ್ದಾರೆ. ಆ ಗುರುತು ಇದ್ದರೆ ಕಾರ್ಡಿನಲ್ಲಿ ಬೇಡ, ಅರ್ಜಿಯಲ್ಲಿ ಸರಿ ಅಂತ ತಿಳಿಯಿರಿ. ಕಾರ್ಮಿಕ ಇಲಾಖೆಯ ಸರ್ಟಿಫಿಕೇಟು ಅಂಗಡಿಯ ಗೋಡೆಗೆ ನೇತುಹಾಕಿರುತ್ತಾರಲ್ಲ, ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯ್ದೆಯದು, ಅದರಲ್ಲಿ ‘ಎಸ್ಟ್ಯಾಬ್ಲಿಷ್‌ಮೆಂಟ್’ ಅಂದರೆ ಆ ಅಂಗಡಿ ಅಥವಾ ವ್ಯವಹಾರವೇ. ಸ್ಥಾಪನೆ ಅಂತ ಓದಿಕೊಂಡರೆ ಅರ್ಥ ಕೆಡುತ್ತದೆ. ಡಿಕ್ಷನರಿಯಲ್ಲಿ ಆ ಅರ್ಥವೂ ಇದೆ.

ಕೊರತೆ ಇಲ್ಲವೇ? ಇದೆ. ಕನ್ನಡದಿಂದ ಇಂಗ್ಲಿಷಿಗೆ ಹೋಗುವ ದಾರಿ ಇದರಲ್ಲಿಲ್ಲ. ‘ಪ್ರಾರಂಭೋತ್ಸವ’ಕ್ಕೆ ಏನನ್ನಬೇಕು ಅಂತ ಇದನ್ನು ಕೇಳಲಾಗದು, ಮೊದಲು ಒಂದು ಇಂಗ್ಲಿಷ್ ಪದವಾದರೂ ಹೊಳೆದಿರಬೇಕು. ಅದಕ್ಕೆ ವಿ. ಕೃಷ್ಣ ಅವರ ‘ಅಲರ್’ ಕನ್ನಡ-ಇಂಗ್ಲಿಷ್ ನಿಘಂಟು ಅಂತರ್ಜಾಲದಲ್ಲಿ ಉಚಿತವಾಗಿದೆ. ಅಲ್ಲಿ ನಾಲ್ಕಾರು ಪದ ಹಿಡಿದುಕೊಂಡು ಇಲ್ಲಿಗೆ ಬಂದು ಒಂದೊಂದನ್ನೇ ನೋಡಿದರೆ ಕೆಲಸ ಮುಗಿಯಿತು. ಗುದ್ದಲಿ ಪೂಜೆ, ಅಂಗಡಿ ಪೂಜೆ ಇವಕ್ಕೆಲ್ಲ ಇಂಗ್ಲಿಷಿನಲ್ಲಿ ತಡಕಾಡಬೇಡಿ. ಪೂಜೆಯನ್ನು ಪೂಜೆ ಅಂತಲೇ ಬರೆಯಿರಿ, ಕಾರ್ಡು ಓದುವವರು ನಮ್ಮವರೇ ತಾನೇ.

ವರ್ಷಕ್ಕೆ ಒಂದೆರಡು ಕಾರ್ಡು ಬರೆಯುವವರಿಗೆ ಇದೇ ಡಿಕ್ಷನರಿಯ ಉಚಿತ ವೆಬ್‌ಸೈಟು ಸಾಕು, ಅಲ್ಲಿ ಉಚ್ಚಾರವನ್ನೂ ಕೇಳಬಹುದು. ಪ್ರೊಫೈಲ್, ಅರ್ಜಿ, ಸಂಘದ ವಾರ್ಷಿಕ ವರದಿ ಬರೆಯುವವರು ಪುಸ್ತಕವನ್ನೇ ತೆಗೆದುಕೊಳ್ಳಿ. ಒಂದು ಪುಟ ತೆರೆದರೆ ಅಕ್ಕಪಕ್ಕದ ಪದಗಳೂ ಕಣ್ಣಿಗೆ ಬೀಳುತ್ತವೆ. ಹೊಸ ಆವೃತ್ತಿಯೇ ಬೇಕು ಅಂತೇನಿಲ್ಲ. ಸೆಕೆಂಡ್ ಹ್ಯಾಂಡ್ ಹಳೆಯ ಪ್ರತಿ ಸಿಕ್ಕಿದರೂ ಬಿಡಬೇಡಿ, ಈ ಪದಗಳ ಮಟ್ಟಿಗೆ ಅದೂ ಸಾಕಾಗುತ್ತದೆ.