ಗೌರಿ ಹೂವಿನ ಫೋಟೊ: ಫೋನ್, ಕಿಟ್ ಲೆನ್ಸ್, ಮ್ಯಾಕ್ರೊ, ಝೂಮ್ – ಯಾವುದು ಸರಿ?

ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ ಇರುವ ಗೆಳೆಯ ಫೋನ್ ಮಾಡಿ, "ಹಿತ್ತಲ ಬೇಲಿ ಮೇಲೆ ಗೌರಿ ಹೂ ಅರಳಿದೆ, ಬರ್ತೀಯೇನೋ?" ಅಂದಾಗ ಗೌರಿ ಹಬ್ಬಕ್ಕೆ ಇನ್ನೂ ಹತ್ತು ದಿನ ಇತ್ತು. ಹೋಗಿ ಎರಡು ದಿನ ಉಳಿದೆ. ಒಂದೇ ಬಳ್ಳಿ, ಐದಾರು ಹೂ. ಅದರ ಮುಂದೆ ನಾಲ್ಕು ಸಾಮಾನು ಹಿಡಿದು ನೋಡಿದೆ: ನನ್ನ ಫೋನ್, ಕ್ಯಾಮೆರಾ ಜೊತೆಗೇ ಬಂದ 18-55 ಕಿಟ್ ಲೆನ್ಸ್, ಪರಿಚಯದವರ ಹತ್ತಿರ ಕೇಳಿ ತಂದ 100 ಎಂ.ಎಂ. ಮ್ಯಾಕ್ರೊ (ಸಣ್ಣದನ್ನು ತೀರಾ ಹತ್ತಿರದಿಂದ ತೆಗೆಯುವ ಲೆನ್ಸ್), ಮತ್ತೆ ನನ್ನ ಹಳೇ 55-250 ಝೂಮ್ (ಈ ಅಂಕಿ ಹೆಚ್ಚಾದಷ್ಟೂ ದೂರದ್ದು ಹತ್ತಿರ ಕಾಣುತ್ತೆ). ಬಸ್ಸು ಹತ್ತುವಾಗ ಮ್ಯಾಕ್ರೊನೇ ಗೆಲ್ಲುತ್ತೆ ಅಂದುಕೊಂಡಿದ್ದೆ. ಹಾಗಾಗಲಿಲ್ಲ.

ಯಾಕೆ ಅಂತ ಹೇಳಬೇಕಾದರೆ ಹೂವಿನಿಂದಲೇ ಶುರು ಮಾಡಬೇಕು. ಗೌರಿ ಹೂ ಅಂದರೆ ಅಗ್ನಿಶಿಖೆ, ಸಸ್ಯಶಾಸ್ತ್ರದಲ್ಲಿ ಗ್ಲೋರಿಯೋಸಾ ಸುಪರ್ಬಾ. ತಮಿಳುನಾಡಿನ ರಾಜ್ಯ ಪುಷ್ಪ ಇದೇ, ದೂರದ ಜಿಂಬಾಬ್ವೆಗೆ ರಾಷ್ಟ್ರೀಯ ಹೂವೂ ಇದೇ. ಮಳೆ ಶುರುವಾದ ಮೇಲೆ ನೆಲದೊಳಗಿನ ಗಡ್ಡೆ ಚಿಗುರಿ ಬೇಲಿ ಹತ್ತುತ್ತೆ. ಹಿಡಿದುಕೊಳ್ಳೋಕೆ ಬೇರೆ ಕುಡಿಬಳ್ಳಿ ಇಲ್ಲ, ಎಲೆಯ ತುದಿಯೇ ಸುರುಳಿಯಾಗಿ ಕಡ್ಡಿಗೆ ಸುತ್ತಿಕೊಳ್ಳುತ್ತೆ. ಹೂವಿನ ಮುಖ ಕೆಳಗೆ, ಆದರೆ ಆರೂ ಎಸಳು ಹಿಂದಕ್ಕೆ ಮಡಚಿ ಮೇಲೆ ನಿಲ್ಲುತ್ತವೆ. ಅಂಚೆಲ್ಲ ಅಲೆ ಅಲೆ. ಬುಡದಲ್ಲಿ ಹಳದಿ, ತುದಿಗೆ ಕೆಂಪು. ಬೆಂಕಿಯ ನಾಲಿಗೆ ಅಂತಾರಲ್ಲ, ಹಾಗೇ. ಕೆಳಗೆ ಆರು ಕೇಸರಗಳು ಛತ್ರಿಯ ಕಡ್ಡಿಗಳ ಹಾಗೆ ಸುತ್ತಲೂ ಚಾಚಿರುತ್ತವೆ. ನಡುವಿನ ಶಲಾಕೆ (ಹೂವಿನ ಹೆಣ್ಣು ಭಾಗದ ದಂಟು) ಬುಡದಲ್ಲೇ ಅಡ್ಡ ತಿರುಗಿ ಒಂದು ಪಕ್ಕಕ್ಕೆ ಹೋಗುತ್ತೆ.

ಬಣ್ಣವೂ ಒಂದೇ ಥರ ಇರಲ್ಲ. ಬಿರಿಯುವಾಗ ಹಸಿರು ಬೆರೆತ ಹಳದಿ, ಆಮೇಲೆ ಹಳದಿ-ಕೆಂಪು, ಮುದಿಯಾದಾಗ ಪೂರ್ತಿ ಕೆಂಪು. ಒಂದೇ ಬಳ್ಳಿಯಲ್ಲಿ ಈ ಮೂರೂ ವಯಸ್ಸಿನ ಹೂ ಸಿಗುತ್ತವೆ.

ಇದು ವಿಷದ ಗಿಡ. ಕಾಲ್ಚಿಸಿನ್ ಅನ್ನುವ ವಿಷ ಗಿಡದ ಎಲ್ಲ ಭಾಗದಲ್ಲೂ ಇದೆ, ಗಡ್ಡೆ ತಿಂದು ಜನ ಸತ್ತಿದ್ದಾರೆ. ಗೆಳೆಯನ ಅಮ್ಮ ನಾನು ಬೇಲಿ ಹತ್ತಿರ ಹೋಗುವ ಮೊದಲೇ, "ಅದನ್ನ ಮುಟ್ಟಿದ ಕೈಯಲ್ಲಿ ಹಾಗೇ ತಿಂಡಿ ತಿನ್ಬೇಡ ಮಾರಾಯ, ತೊಳ್ಕೊಂಡು ಬಾ ಮತ್ತೆ" ಅಂದರು. ಮಕ್ಕಳನ್ನು ಜೊತೆಗೆ ಕರೆದುಕೊಂಡು ಹೋಗುವವರು ಈ ಮಾತನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ.

ಈಗ ಫೋನ್. ನನಗೆ ಅಚ್ಚರಿ ಕೊಟ್ಟಿದ್ದು ಇದೇ. ಫೋನಿನ ಸೆನ್ಸರ್ (ಬೆಳಕು ಹಿಡಿಯುವ ಫಲಕ) ಚಿಕ್ಕದು, ಹಾಗಾಗಿ ಎದುರಿನ ಕೇಸರದಿಂದ ಹಿಂದಿನ ಎಸಳಿನವರೆಗೂ ಫೋಕಸ್ ಸಿಗುತ್ತೆ. ಕ್ಯಾಮೆರಾದಲ್ಲಿ ಇದಕ್ಕೆ ಒದ್ದಾಡಬೇಕು. ಆದರೆ ಮೂರು ಕಡೆ ಹುಷಾರಾಗಿರಬೇಕು. ಮೊದಲನೆಯದು ಪೋರ್ಟ್ರೇಟ್ ಮೋಡ್. ಅದು ಹೂವಿನ ಅಂಚನ್ನು ಲೆಕ್ಕ ಹಾಕಿ ಹಿಂದಿನದನ್ನು ಮಸುಕು ಮಾಡುತ್ತೆ. ಸಣ್ಣ ಕೇಸರ ಅದಕ್ಕೆ ತಿಳಿಯೋದೇ ಇಲ್ಲ. ನನ್ನ ಒಂದು ಫೋಟೊದಲ್ಲಿ ಕೇಸರದ ದಂಟು ಮಾಯವಾಗಿ, ತುದಿಯ ಪರಾಗಕೋಶ ಮಾತ್ರ ಗಾಳಿಯಲ್ಲಿ ತೇಲುತ್ತಿತ್ತು. ಈ ಹೂವಿಗೆ ಪೋರ್ಟ್ರೇಟ್ ಮೋಡ್ ಬೇಡವೇ ಬೇಡ. ಎರಡನೆಯದು ಫೋನಿನ ಮ್ಯಾಕ್ರೊ ಮೋಡ್. ನನ್ನ ಫೋನಲ್ಲಿ ಅದು ಅಲ್ಟ್ರಾವೈಡ್ ಲೆನ್ಸಿನಿಂದ ಕೆಲಸ ಮಾಡುತ್ತೆ. ಮೂರು ಸೆಂ.ಮೀ. ಹತ್ತಿರ ಹೋಗಬೇಕು. ಫೋನಿನ ನೆರಳು ಹೂವಿನ ಮೇಲೇ ಬೀಳುತ್ತೆ, ಹತ್ತಿರದ ಕೇಸರ ಸೌಟಿನಷ್ಟು ದೊಡ್ಡದಾಗಿ ಕಾಣುತ್ತೆ. ಮೂರನೆಯದು 3ಎಕ್ಸ್, ಅಂದರೆ ಮೂರು ಪಟ್ಟು ಹತ್ತಿರ ತೋರಿಸುವ ಟೆಲಿ ಲೆನ್ಸ್. ಒಂದು ಮಾರು ದೂರದಲ್ಲಿದ್ದಾಗ ಸೊಗಸಾಗಿ ಬರುತ್ತೆ. ತೀರಾ ಹತ್ತಿರ ಹೋದರೆ ಫೋನ್ ಹೇಳದೆ ಕೇಳದೆ ಮುಖ್ಯ ಕ್ಯಾಮೆರಾಕ್ಕೆ ಬದಲಾಗಿ ಅದನ್ನೇ ಕತ್ತರಿಸಿ ತೋರಿಸುತ್ತೆ, ತೆರೆಯ ಮೇಲೆ ಮಾತ್ರ 3ಎಕ್ಸ್ ಅಂತಲೇ ಇರುತ್ತೆ. ಟೆಲಿ ಲೆನ್ಸ್ ಮೇಲೆ ಬೆರಳಿಟ್ಟು ನೋಡಿ. ಚಿತ್ರ ಕಪ್ಪಾಗದಿದ್ದರೆ ಅದು ಟೆಲಿ ಅಲ್ಲ. ಎರಡು ಹೆಜ್ಜೆ ಹಿಂದೆ ಬಂದರೆ ಸರಿಹೋಗುತ್ತೆ.

ಮ್ಯಾಕ್ರೊ ಬಗ್ಗೆ ಹೇಳೋದು ಜಾಸ್ತಿ ಇದೆ. ಅದು ಒಳ್ಳೆಯ ಲೆನ್ಸೇ. ಆದರೆ ಒಂದಕ್ಕೆ ಒಂದು ಅಳತೆಯಲ್ಲಿ (ವಸ್ತು ಸೆನ್ಸರ್ ಮೇಲೆ ತನ್ನ ನಿಜ ಗಾತ್ರದಲ್ಲೇ ಬೀಳುವಾಗ) ನನ್ನ ಕ್ಯಾಮೆರಾದ ಸೆನ್ಸರ್ ಹಿಡಿಯೋದು ಸುಮಾರು 22 ಮಿ.ಮೀ. ಅಗಲ ಅಷ್ಟೇ. ಹೂವೋ ಅಂಗೈಯಷ್ಟು ದೊಡ್ಡದು. ಅಂದರೆ ಪೂರ್ತಿ ಮ್ಯಾಕ್ರೊಗೆ ಹೋದರೆ ಹೂವೇ ಕಾಣಲ್ಲ, ಒಂದು ಪರಾಗಕೋಶ ಕಾಣುತ್ತೆ. ಆ ಪರಾಗಕೋಶ ನೋಡಲು ಚೆಂದ. ದಂಟಿನ ತುದಿಗೆ ಬೆನ್ನಿನ ನಡುವೆ ಒಂದೇ ಚುಕ್ಕೆಯಲ್ಲಿ ಅಂಟಿಕೊಂಡಿರುತ್ತೆ, ತಕ್ಕಡಿಯ ದಂಡಿಗೆಯ ಹಾಗೆ. ಸಣ್ಣ ಗಾಳಿಗೂ ಮೇಲೆ ಕೆಳಗೆ ತೂಗುತ್ತೆ. ಬಿರಿದ ಮೇಲೆ ಹಳದಿ ಪುಡಿ ಎದ್ದು ಕಾಣುತ್ತೆ. ಅಷ್ಟು ಹತ್ತಿರದಲ್ಲಿ ಲೆನ್ಸಿನ ಕಂಡಿ ಕಿರಿದು ಮಾಡಿ ಎಫ್/8 ಇಟ್ಟರೂ ಫೋಕಸ್ ಸಿಗೋದು ಒಂದು ಮಿಲಿಮೀಟರ್‌ಗೂ ಕಡಿಮೆ. ನಲವತ್ತು ಸಲ ಕ್ಲಿಕ್ ಮಾಡಿ ಮೂರು ಇಟ್ಟುಕೊಂಡೆ. ಆ ಮೂರು ಬೇರೆ ಯಾವ ಲೆನ್ಸಿನಿಂದಲೂ ಬರುತ್ತಿರಲಿಲ್ಲ, ಅದು ನಿಜ. ಹಿಂದೆ ಸರಿದು ಇದೇ ಲೆನ್ಸಿನಲ್ಲಿ ಇಡೀ ಹೂ ತೆಗೆದರೂ ಚೆನ್ನಾಗೇ ಬರುತ್ತೆ. ಆದರೆ ಅಷ್ಟಕ್ಕೇ ಆದರೆ ಅಷ್ಟು ದುಡ್ಡು ಕೊಡಬೇಕಿಲ್ಲ.

ಕಿಟ್ ಲೆನ್ಸ್ ಬಗ್ಗೆ ಜನ ಕೀಳಾಗಿ ಮಾತಾಡ್ತಾರೆ, ನನಗೆ ಅದು ಸರಿ ಕಾಣಲ್ಲ. 55ಕ್ಕೆ ತಿರುಗಿಸಿ ಹತ್ತಿರ ಹೋದರೆ ಹೂ ಚೌಕಟ್ಟು ತುಂಬುತ್ತೆ. ಅದರ ತೊಂದರೆ ಹಿನ್ನೆಲೆ. ಹತ್ತಿರ ನಿಂತು ತೆಗೆಯುವುದರಿಂದ ಹಿಂದಿನದೆಲ್ಲ ಅಗಲವಾಗಿ ಬರುತ್ತೆ. ನನ್ನ ಫೋಟೊದಲ್ಲಿ ಸೌದೆ ಮೇಲೆ ಹೊದಿಸಿದ್ದ ನೀಲಿ ಟಾರ್ಪಾಲು, ಬಟ್ಟೆ ಒಣಗಿಸುವ ಹಗ್ಗ, ಎಲ್ಲ ಬಂದವು. ಎಲ್ಲಿ ನಿಂತರೂ ಏನಾದರೊಂದು ಇಣುಕುತ್ತಿತ್ತು.

55-250 ಝೂಮ್ ಗೆದ್ದಿದ್ದು ಇಲ್ಲೇ. ಬೇಲಿಯ ಆಚೆ ಕಾಲುದಾರಿಯಲ್ಲಿ, ಹೂವಿನಿಂದ ಒಂದು ಮೀಟರ್ ದೂರ ನಿಂತೆ. 250ಕ್ಕೆ ತಿರುಗಿಸಿದೆ. ಹೂ ಚೌಕಟ್ಟು ತುಂಬಿತು, ಹಿಂದೆ ಕಾಣಿಸಿದ್ದು ಕೈಯಗಲ ಜಾಗ ಮಾತ್ರ. ಅರ್ಧ ಹೆಜ್ಜೆ ಎಡಕ್ಕೆ ಸರಿದಾಗ ಟಾರ್ಪಾಲು ಹೋಗಿ ಅಡಿಕೆ ತೋಟದ ಕಪ್ಪು ಹಸಿರು ಬಂತು. ಆ ಹಸಿರಿನ ಮೇಲೆ ಹಳದಿ-ಕೆಂಪು ಎದ್ದು ನಿಂತಿತು. ಕಡ್ಡಿ ಬಗ್ಗಿಸಲಿಲ್ಲ, ಎಲೆ ಕೀಳಲಿಲ್ಲ. ಹಬ್ಬಕ್ಕೆ ಅಂತ ಗೆಳೆಯನ ಅಮ್ಮ ಕಾಯ್ದಿಟ್ಟ ಹೂ ಅದು, ಮುಟ್ಟದೆ ತೆಗೆಯೋದು ಮುಖ್ಯ ಅಲ್ವಾ? ಫೋಕಸ್ ಆಳ ಇಲ್ಲೂ ಕಡಿಮೆಯೇ, ಎಫ್/11ರಲ್ಲಿ ಒಂದು ಸೆಂ.ಮೀ. ಕೂಡ ಇಲ್ಲ. ಹಾಗಾಗಿ ಹೂವಿನ ಪಕ್ಕಕ್ಕೆ ಬಂದು, ಶಲಾಕೆ ಮತ್ತು ಎರಡು ಮೂರು ಕೇಸರ ಲೆನ್ಸಿಗೆ ಸಮನಾಗಿ ಅಡ್ಡ ಬರುವಂತೆ ನಿಂತೆ. ಉಳಿದ ಕೇಸರ ಮಸುಕಾದರೂ ಕಣ್ಣಿಗೆ ತೊಡಕಾಗಲ್ಲ. ಮಳೆ ಮೋಡದ ಬೆಳಕಲ್ಲಿ ಐಎಸ್ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 1600, ಶಟರ್ 1/250 ಸೆಕೆಂಡ್. ಅದಕ್ಕಿಂತ ನಿಧಾನ ಮಾಡಿದರೆ ಬಳ್ಳಿ ಅಲುಗಿ ಫೋಟೊ ಹಾಳು. ಬಳ್ಳಿ ಪಕ್ಕ ಒಂದು ಕೋಲು ನೆಟ್ಟು ಬಟ್ಟೆ ಕ್ಲಿಪ್ಪಿನಿಂದ ಮೆಲ್ಲಗೆ ಹಿಡಿಸಿದರೆ ಅರ್ಧ ಅಲುಗಾಟ ಕಡಿಮೆಯಾಗುತ್ತೆ.

ಆದರೆ ಲೆನ್ಸಿಗಿಂತ ಹೆಚ್ಚು ವ್ಯತ್ಯಾಸ ಕಂಡಿದ್ದು ಬೆಳಕಿನಲ್ಲಿ. ಮೊದಲ ದಿನ ಮಧ್ಯಾಹ್ನ ಒಂದು ಗಂಟೆ ಬಿಸಿಲು ಬಿತ್ತು. ನಾಲ್ಕರಲ್ಲೂ ತೆಗೆದೆ, ನಾಲ್ಕೂ ಕೆಟ್ಟವು. ಎಸಳಿನ ಗೆರೆ, ಅಲೆಯ ಮಡಿಕೆ ಯಾವುದೂ ಇಲ್ಲ, ಕೆಂಪು ಬಣ್ಣ ಬಳಿದ ರಟ್ಟಿನ ಹಾಗೆ ಬಂತು. ಕಾರಣ ಏನು ಅಂದರೆ, ಕ್ಯಾಮೆರಾ ಒಟ್ಟಾರೆ ಬೆಳಕು ಅಳೆದು ಸರಿ ಇದೆ ಅನ್ನುತ್ತೆ, ಅಷ್ಟೊತ್ತಿಗೆ ಕೆಂಪು ಚಾನೆಲ್ ಒಂದೇ ತುಂಬಿ ಹೋಗಿರುತ್ತೆ. ಹಾಗಾಗಿ ಬಿಳಿ ಹಿಸ್ಟೋಗ್ರಾಮ್ (ಫೋಟೊದಲ್ಲಿ ಬೆಳಕು ಎಷ್ಟಿದೆ ಅಂತ ಗುಡ್ಡದ ಹಾಗೆ ತೋರಿಸುವ ನಕ್ಷೆ) ನಂಬಬೇಡಿ. ಮೂರು ಬಣ್ಣದ ಹಿಸ್ಟೋಗ್ರಾಮ್ ಹಾಕಿ ಕೆಂಪು ಗುಡ್ಡ ಬಲಗಡೆ ಗೋಡೆಗೆ ಒತ್ತಿದೆಯಾ ನೋಡಿ. ನಾನು ಎಕ್ಸ್‌ಪೋಶರ್ ಒಂದು ಸ್ಟಾಪ್, ಅಂದರೆ ಬೆಳಕು ಅರ್ಧಕ್ಕೆ, ಇಳಿಸಿದೆ. ಫೋನಲ್ಲಾದರೆ ಕೆಂಪು ಎಸಳಿನ ಮೇಲೆ ಒತ್ತಿ, ಪಕ್ಕದ ಸೂರ್ಯನ ಗುರುತನ್ನು ಕೆಳಗೆ ಎಳೆಯಿರಿ. ವಿವಿಡ್ ಅನ್ನುವ ಬಣ್ಣದ ಸೆಟ್ಟಿಂಗ್ ತೆಗೆದುಬಿಡಿ, ಈ ಹೂವಿಗೆ ಮೇಲಿಂದ ಬಣ್ಣ ಬೇಕಿಲ್ಲ.

ಬಿಸಿಲು ಹೋಗದಿದ್ದಾಗ ಗೆಳೆಯ ಛತ್ರಿ ಹಿಡಿದ. ಮೊದಲು ತಂದಿದ್ದು ಅವನ ಮಗಳ ನೀಲಿ ಛತ್ರಿ. ಹಳದಿಯೆಲ್ಲ ಹಸಿರಿಗೆ ತಿರುಗಿತು. ಕಪ್ಪು ಛತ್ರಿ ತಂದ ಮೇಲೆ ಸರಿಯಾಯಿತು. ಫ್ಲ್ಯಾಶ್ ಎರಡು ಸಲ ಹಾಕಿ ಬಿಟ್ಟೆ, ಎಸಳಿನ ಮೇಲೆ ಬಿಳಿ ಚುಕ್ಕೆ ಬೀಳುತ್ತೆ. ಮಾರನೇ ದಿನ ಬೆಳಗ್ಗೆ ಏಳೂವರೆಗೆ ಮೋಡದ ಬೆಳಕಲ್ಲಿ, ಕಾಲಿಗೆ ಇಂಬಳ (ಜಿಗಣೆ) ಹತ್ತದಂತೆ ಉಪ್ಪು-ಸುಣ್ಣ ಸವರಿಕೊಂಡು ನಿಂತಾಗ ಫೋನಿನ ಫೋಟೊವೂ ಝೂಮಿನದಕ್ಕೆ ತೀರಾ ಹತ್ತಿರ ಬಂತು.

ನಿಮ್ಮ ಹತ್ತಿರ ಫೋನ್ ಒಂದೇ ಇದ್ದರೆ ಮೋಡದ ದಿನ, ಎರಡು ಹೆಜ್ಜೆ ಹಿಂದೆ ನಿಂತು, 2ಎಕ್ಸ್ ಅಥವಾ 3ಎಕ್ಸ್‌ನಲ್ಲಿ ತೆಗೆಯಿರಿ. ಕ್ಯಾಮೆರಾ ಇದ್ದು ಇನ್ನೊಂದು ಲೆನ್ಸ್ ಕೊಳ್ಳುವುದಿದ್ದರೆ ಮೊದಲು ಝೂಮ್, ಮ್ಯಾಕ್ರೊ ಆಮೇಲೆ.

ಎರಡನೇ ದಿನ ಸಂಜೆ ಐದರ ಮೇಲೆ ಮೋಡ ಸ್ವಲ್ಪ ಬಿಟ್ಟಿತು. ಬಿಸಿಲು ತೋಟದ ಕಡೆಯಿಂದ, ಹೂವಿನ ಹಿಂದಿನಿಂದ ಬಂತು. ಫೋನ್ ಹಿಂದಿನ ಆಕಾಶವನ್ನೂ ಹೂವನ್ನೂ ಒಂದೇ ಬೆಳಕಿಗೆ ತಂದು ಚಪ್ಪಟೆ ಮಾಡಿತು. ಝೂಮಿನಲ್ಲಿ ಎಸಳು ಒಳಗಿಂದ ಹತ್ತಿಕೊಂಡ ಹಾಗೆ ಕಾಣುತ್ತಿತ್ತು, ಅಂಚಿನ ಹಳದಿ ಗೆರೆ ಒಂದೊಂದು ಅಲೆಯಲ್ಲೂ ಬೇರೆ ಬೇರೆ. ಹನ್ನೆರಡು ಫೋಟೊ ತೆಗೆಯುವಷ್ಟರಲ್ಲಿ ಮತ್ತೆ ಮಳೆ ಹಿಡಿಯಿತು.