ಮೂರು ವರ್ಷ ಕೋಹಾ ಬಳಸಿದ ಮೇಲೆ, ಮಂಡ್ಯದ ಒಂದು ಕೌಂಟರಿನಿಂದ

ಲೈಬ್ರರಿ ಕಂಪ್ಯೂಟರಿನಲ್ಲಿ ಪುಸ್ತಕ ಹುಡುಕಲು 'ಪುತಿನ' ಅಂತ ಹೊಡೆದರೆ ಸೊನ್ನೆ. ಚುಕ್ಕಿ ಇಟ್ಟು 'ಪು.ತಿ.ನ.' ಅಂತ ಹೊಡೆದರೂ ಸೊನ್ನೆ. ಪುಸ್ತಕಗಳೇನೋ ಎದುರಿನ ಬೀರುವಿನಲ್ಲಿ ಸಾಲಾಗಿ ಕೂತಿವೆ. ಮೇಲುಕೋಟೆ ನಮ್ಮ ಜಿಲ್ಲೆಯದೇ. ಅಲ್ಲಿನ ಕವಿಯನ್ನೇ ಮಂಡ್ಯದ ಕಾಲೇಜಿನ ಕಂಪ್ಯೂಟರ್ ಗುರುತು ಹಿಡಿಯಲ್ಲ ಅಂದ್ರೆ ಹೇಗೆ? ನಮ್ಮ ಲೈಬ್ರರಿಯ ಸಾಫ್ಟ್‌ವೇರ್ ಕೋಹಾ ಬಗ್ಗೆ ಬರೆಯೋಣ ಅಂತ ಕೂತರೆ ಮೊದಲು ಕಣ್ಣಿಗೆ ಬರುವುದು ಈ ಸೊನ್ನೆಯೇ. ಎಂಟು ತಿಂಗಳು ಅದನ್ನೇ ನೋಡಿಕೊಂಡಿದ್ದೆ.

ಕೋಹಾದಲ್ಲಿ ಏನೇನಿದೆ ಅಂತ ಪಟ್ಟಿ ಮಾಡಲ್ಲ. ಲೈಬ್ರರಿಯವರಿಗೆ ಗೊತ್ತೇ ಇರುತ್ತೆ. ಪುಸ್ತಕ ಕೊಡೋದು, ವಾಪಸ್ ತಗೊಳ್ಳೋದು, ದಂಡ, ಕ್ಯಾಟಲಾಗ್ ಎಲ್ಲ ನೋಡಿಕೊಳ್ಳುವ ಉಚಿತ ಸಾಫ್ಟ್‌ವೇರ್. ನ್ಯೂಜಿಲೆಂಡಿನ ಒಂದು ಸಣ್ಣ ಪ್ರದೇಶದ ಲೈಬ್ರರಿಗಳಿಗಾಗಿ 1999ರಲ್ಲಿ ಬರೆದದ್ದು, 2000ರ ಜನವರಿಯಿಂದ ಓಡ್ತಾ ಇದೆ. ಅಲ್ಲಿನ ಮಾವೋರಿ ಜನರ ಮಾತಿನಲ್ಲಿ ಕೋಹಾ ಅಂದ್ರೆ ಉಡುಗೊರೆ. ಕೊಟ್ಟು ಮರೆಯುವಂಥದ್ದಲ್ಲ, ಮುಂದೊಂದು ದಿನ ಅವರ ಮನೆಗೂ ಹಿಂತಿರುಗಿಸಬೇಕು. ನಮ್ಮ ಕಡೆ ಮದುವೆಯಲ್ಲಿ ಮುಯ್ಯಿ ಹಾಕ್ತೀವಲ್ಲ, ಹಾಗೆ.

ನಾನು ಕೆಲಸಕ್ಕೆ ಸೇರಿದ್ದು 1997ರಲ್ಲಿ. ಬಂದ ಪುಸ್ತಕಗಳನ್ನೆಲ್ಲ ಬರೆದಿಡುವ ಅಕ್ಸೆಷನ್ ರಿಜಿಸ್ಟರ್, ಬುಕ್ ಕಾರ್ಡ್, ಒಳರಟ್ಟಿಗೆ ಅಂಟಿಸಿದ ತಾರೀಖಿನ ಚೀಟಿ, ಒಂದು ಸೀಲು. ಕಂಪ್ಯೂಟರ್ ಅಂದ್ರೆ ಸುತ್ತೋಲೆ ಟೈಪ್ ಮಾಡೋ ಯಂತ್ರ ಅಂತಲೇ ತಿಳಿದಿದ್ದವಳು. ಕೋಹಾ ಹಾಕಿಕೊಟ್ಟ ಕಂಪನಿಯವರು ಎರಡು ದಿನ ಬಂದು ಕಲಿಸಿದರು. ತೋರಿಸಿದ್ದೆಲ್ಲ ಇಂಗ್ಲಿಷ್ ಪುಸ್ತಕ. ಪುಸ್ತಕದ ಮೇಲೆ ಅಚ್ಚಾಗಿರುವ ಐಎಸ್‌ಬಿಎನ್ ಸಂಖ್ಯೆ ಹೊಡೆದರೆ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಿಂದ ಪೂರ್ತಿ ವಿವರ ತಾನಾಗಿ ಬಂದು ಕೂರುತ್ತಿತ್ತು. ನಾವೆಲ್ಲ ಬಾಯಿ ಬಿಟ್ಟುಕೊಂಡು ನೋಡಿದೆವು. ಅವರು ಹೋದ ಮೇಲೆ ಕನ್ನಡದ ಹಳೆ ಪುಸ್ತಕ ಕೈಗೆತ್ತಿಕೊಂಡರೆ ಅದಕ್ಕೆ ಐಎಸ್‌ಬಿಎನ್ನೇ ಇಲ್ಲ. ಕೆಲವು ಸಿಕ್ಕವು, ಆದರೆ ಕನ್ನಡದ ಹೆಸರು ಇಂಗ್ಲಿಷ್ ಅಕ್ಷರದಲ್ಲಿ, ತಲೆ ಮೇಲೊಂದು ಗೀಟು, ಕಾಲಡಿ ಒಂದು ಚುಕ್ಕಿ. ಅದನ್ನು ಓದಿ ನಮ್ಮ ಹುಡುಗರು ಪುಸ್ತಕ ಹುಡುಕಿದ ಹಾಗೇ!

ಸರಿ ಅಂತ ಕೈಯಲ್ಲೇ ಟೈಪ್ ಮಾಡಿದೆವು. ಹಳೆ ಎಕ್ಸೆಲ್ ಪಟ್ಟಿ ಯೂನಿಕೋಡ್ ಅಲ್ಲದ, ಅಂದ್ರೆ ಬೇರೆ ಕಡೆ ಕನ್ನಡವಾಗಿ ಓದಬರದ ಫಾಂಟಿನಲ್ಲಿತ್ತು. ಒಳಗೆ ತಂದಾಗ ಬರೀ ಯೆನ್ ಚಿಹ್ನೆ, ಟೋಪಿ ಹಾಕಿಕೊಂಡ ಎ, ಒಡೆದ ಬಿ. ಅದನ್ನು ಸರಿಮಾಡಿದ ಕಥೆ ಬೇಡ ಬಿಡಿ, ಎರಡು ಬೇಸಿಗೆ ರಜೆ ಹೋಯಿತು. ಹೊಟ್ಟೆ ಉರಿದದ್ದು ಅಷ್ಟೆಲ್ಲ ಮಾಡಿದ ಮೇಲೂ ಕನ್ನಡದಲ್ಲಿ ಹುಡುಕಿದರೆ ಏನೂ ಸಿಗಲಿಲ್ಲವಲ್ಲ, ಅದಕ್ಕೆ. ಕಂಪನಿಗೆ ಫೋನ್ ಮಾಡಿದರೆ, 'ಕನ್ನಡಕ್ಕೆ ಅಷ್ಟು ಸಪೋರ್ಟ್ ಇಲ್ಲ ಮೇಡಂ.' ನಮ್ಮ ಅಟೆಂಡರ್ ಅಣ್ಣನಿಗಂತೂ ಇದು ಹಬ್ಬ. 'ಅಯ್ಯೋ ಬುಡಿ ಮೇಡಂ, ಕಂಪ್ಯೂಟ್ರು ಇಲ್ಲ ಅಂದ್ಬುಟ್ರೆ ಇಲ್ವಾ? ಮೂರ್ನೇ ಬೀರಲ್ಲದೆ, ತಕ್ಕೊಡ್ತೀನಿ ಇರಿ' ಅಂತ ಎದ್ದು ಹೋಗಿ ತಂದೇಬಿಡೋರು.

ಆಮೇಲೆ ಮೈಸೂರಿನಲ್ಲಿ ಒಂದು ಕಾರ್ಯಾಗಾರ. ಊಟದ ಸಾಲಿನಲ್ಲಿ ಹಿಂದೆ ನಿಂತಿದ್ದ ಹುಡುಗ, ಅಲ್ಲಿನದೇ ಒಂದು ಕಾಲೇಜಿನ ಲೈಬ್ರರಿಯವನು, ನನ್ನ ಗೋಳು ಕೇಳಿ, 'ನಿಮ್ಮ ಜೀಬ್ರಾ ಹೇಗಿದೆ ಅಕ್ಕಾ?' ಅಂದ. 'ಜೀಬ್ರಾ ಇರೋದು ನಿಮ್ಮೂರಿನ ಜೂನಲ್ಲಿ ಕಣಪ್ಪ' ಅಂದೆ. ತಮಾಷೆಗಲ್ಲ, ನಿಜವಾಗಿ ಗೊತ್ತಿರಲಿಲ್ಲ. ಕೋಹಾದ ಒಳಗೆ ಹುಡುಕುವ ಕೆಲಸ ಮಾಡುವ ಎಂಜಿನ್ನಿನ ಹೆಸರು ಜೀಬ್ರಾ ಅಂತೆ. ಪದಗಳನ್ನು ಬಿಡಿಸಿ ಸೂಚಿ ಕಟ್ಟಲು ಅದಕ್ಕೆ ಎರಡು ದಾರಿ. ಸಿಎಚ್ಆರ್ ಅಂತ ಒಂದು, ಇಂಗ್ಲಿಷಿನಂಥ ಲಿಪಿಗೆ ಸಾಕು. ಇನ್ನೊಂದು ಐಸಿಯು, ಕನ್ನಡದಂಥ ಲಿಪಿಗೆ ಇದೇ ಬೇಕು. 'ನಿಮ್ಮದನ್ನ ಐಸಿಯುಗೆ ಹಾಕ್ಬೇಕು ಅಕ್ಕಾ' ಅಂದಾಗ ಅನ್ನದ ತಟ್ಟೆ ಹಿಡಿದುಕೊಂಡೇ ನಕ್ಕೆ. ಕಂಪನಿಗೆ ಏನು ಬರೆಯಬೇಕು ಅಂತ ಅವನೇ ಟಿಶ್ಯೂ ಪೇಪರಿನ ಮೇಲೆ ಬರೆದುಕೊಟ್ಟ: ಐಸಿಯು ಮಾಡಿ, ಸೂಚಿಯನ್ನು ಪೂರ್ತಿ ಮತ್ತೆ ಕಟ್ಟಿ. ಸೋಮವಾರ ಮೇಲ್ ಮಾಡಿದೆ. ಮಂಗಳವಾರ ಬೆಳಿಗ್ಗೆ 'ಪುತಿನ' ಹೊಡೆದರೆ ಮೂರು ಪುಸ್ತಕ!

ಒಂದು ಸಂಜೆಯ ಕೆಲಸ. ಎಂಟು ತಿಂಗಳು ನಾನು ಬೈದದ್ದು ಕೋಹಾವನ್ನು. ಹಾಕಿಕೊಟ್ಟವರು ಮೊದಲ ದಿನವೇ ಇದು ಮಾಡಬಹುದಿತ್ತಲ್ವಾ? ಹೋಗಲಿ.

ಬರೀ ಮೂರೇ ಯಾಕೆ ಅಂತ ನೋಡಿದರೆ ಅದು ನಮ್ಮದೇ ತಪ್ಪು. ನಾಲ್ಕು ಜನ ಟೈಪ್ ಮಾಡಿದ್ದೆವು. ಒಬ್ಬರು ಪುತಿನ, ಒಬ್ಬರು ಪು.ತಿ.ನ., ಇನ್ನೊಬ್ಬರು ಪು.ತಿ. ನರಸಿಂಹಾಚಾರ್. ಈ 'ನರಸಿಂಹಾಚಾರ್' ಕೂಡ ಪಟ್ಟಿಯಲ್ಲಿ ಎರಡು ಸಲ. ಕಣ್ಣಿಗೆ ಎರಡೂ ಒಂದೇ. ಕೊನೆಯ 'ರ್' ಆದ ಮೇಲೆ ಒಂದು ಕೀಬೋರ್ಡ್ ಕಾಣದ ಅಕ್ಷರ ಒಂದನ್ನು ಬಿಟ್ಟು ಹೋಗಿತ್ತು. ಅಳಿಸುವ ಕೀಲಿ ಒತ್ತಿದರೆ ಏನೂ ಅಳಿಸಿದ ಹಾಗೆ ಕಾಣಲ್ಲ, ಆದರೆ ಅದು ಹೋಗಿರುತ್ತೆ. ಅರ್ಧ ವ್ಯಂಜನದಲ್ಲಿ ಮುಗಿಯುವ ಹೆಸರೆಲ್ಲ ಈಗ ನನಗೆ ಅನುಮಾನ.

ಇದಕ್ಕೆ ಕೋಹಾದಲ್ಲಿ ಇರುವ ಮದ್ದು ಅಥಾರಿಟಿ ಫೈಲ್. ಒಬ್ಬ ಲೇಖಕರಿಗೆ ಒಂದು ಗಟ್ಟಿ ಹೆಸರು, ಉಳಿದ ಹೆಸರುಗಳೆಲ್ಲ ಅದರ ಕೆಳಗೆ. ಒಂದು ಸೆಟ್ಟಿಂಗ್ ಆನ್ ಮಾಡಿದರೆ ಯಾವ ಹೆಸರಿನಿಂದ ಹುಡುಕಿದರೂ ಅವರ ಎಲ್ಲ ಪುಸ್ತಕ ಬರುತ್ತೆ. ಕೆ.ವಿ. ಪುಟ್ಟಪ್ಪ ಅಂದರೂ ಕುವೆಂಪು ಸಿಗ್ತಾರೆ. ಕಾವ್ಯನಾಮದ ಲೇಖಕರು ಇಷ್ಟೊಂದು ಇರುವ ನಮ್ಮ ಭಾಷೆಗೆ ಇದನ್ನು ಯಾರೋ ಹೇಳಿ ಮಾಡಿಸಿದ ಹಾಗಿದೆ. ಎರಡು ದಿನದ ತರಬೇತಿಯಲ್ಲಿ ಇದರ ಸುದ್ದಿಯೇ ಬಂದಿರಲಿಲ್ಲ.

ಈಗ ದಿನಕ್ಕೊಬ್ಬರು ಅಂತ ಇಟ್ಟುಕೊಂಡಿದ್ದೇನೆ. ಮೂರೂವರೆಗೆ ಹುಡುಗರು ಬಸ್ಸಿಗೆ ಓಡಿದ ಮೇಲೆ ಫ್ಲಾಸ್ಕಿನ ಟೀ ಬಗ್ಗಿಸಿಕೊಂಡು, ಒಬ್ಬ ಲೇಖಕರ ಪುಸ್ತಕಗಳನ್ನು ಬೀರುವಿನಿಂದ ಇಳಿಸಿ ಮೇಜಿನ ಮೇಲೆ ಹರಡಿಕೊಳ್ತೀನಿ. ಮುಖಪುಟದಲ್ಲಿ ಒಂದು ಹೆಸರು, ಒಳಪುಟದಲ್ಲಿ ಇನ್ನೊಂದು, ಬೆನ್ನಿನ ಮೇಲೆ ಮೊಟಕು. ಎಲ್ಲ ನೋಡಿ ಬರೆದು, ಕೊನೆಗೆ ಹುಡುಕುವ ಪೆಟ್ಟಿಗೆಯಲ್ಲಿ ಒಂದೊಂದೇ ಹೆಸರು ಹೊಡೆದು ನೋಡೋದು. ಕಬ್ಬಿನ ಕಾಲದಲ್ಲಿ ರಸ್ತೆ ಧೂಳೆಲ್ಲ ಕಿಟಕಿಯಿಂದ ಒಳಗೇ ಬರುತ್ತೆ, ಪುಸ್ತಕ ಒರೆಸಿದ ಹಾಗೂ ಆಯಿತು.

ಕೌಂಟರಿನ ಕೆಲಸದಲ್ಲಿ ನನಗೆ ದೂರಿಲ್ಲ. ಬೆಳಿಗ್ಗೆ ಊದುಬತ್ತಿ ಹಚ್ಚಿ, ಸ್ಕ್ಯಾನರಿನ ಗಾಜು ಒರೆಸಿ, ಮೊದಲು ನನ್ನ ಕಾರ್ಡನ್ನೇ 'ಕೀಂ' ಅನ್ನಿಸ್ತೀನಿ. ತಾರೀಖಿನ ಸೀಲು ಮಾತ್ರ ಬಿಟ್ಟಿಲ್ಲ. ಹದಿನೈದು ದಿನ ಮುಂದಕ್ಕೆ ಚಕ್ರ ತಿರುಗಿಸಿ ಠಪ್ ಅಂತ ಒತ್ತದಿದ್ದರೆ ಪುಸ್ತಕ ಕೊಟ್ಟ ಹಾಗೇ ಅನ್ನಿಸಲ್ಲ. ಕೋಹಾ ಚೀಟಿ ಪ್ರಿಂಟ್ ಮಾಡಿಕೊಡುತ್ತೆ, ಅದಕ್ಕೆ ಖರ್ಚಾಗುವ ಪೇಪರ್ ರೋಲಿನ ಬಿಲ್ಲು ಪಾಸ್ ಮಾಡಿಸೋರು ಯಾರು? ಪುಸ್ತಕ ಬಾಕಿ ಇಲ್ಲ ಅಂತ ಬರೆದುಕೊಡುವ ನೋ ಡ್ಯೂ ಕಾಲದಲ್ಲಿ ಮಾತ್ರ ಕೋಹಾಗೆ ಕೈ ಮುಗಿಯಬೇಕು. ಮೊದಲು ಒಬ್ಬ ಹುಡುಗನಿಗೆ ಐದು ರಿಜಿಸ್ಟರ್ ತಿರುವಬೇಕಿತ್ತು. ಈಗ ಕಾರ್ಡ್ ತೋರಿಸಿದರೆ ಮುಗೀತು.

ದುಡ್ಡಿನ ವಿಷಯ. ಸಾಫ್ಟ್‌ವೇರ್ ಉಚಿತ, ಸರ್ವರ್ ಮತ್ತು ನೋಡಿಕೊಳ್ಳುವವರ ವರ್ಷದ ಫೀಸು ಉಚಿತ ಅಲ್ಲ. ಕೋಹಾ ಪ್ರತಿ ಮೇ, ನವೆಂಬರಿನಲ್ಲಿ ಹೊಸದು ಬರುತ್ತೆ, ನಂಬರಿನಲ್ಲೇ ವರ್ಷ, ತಿಂಗಳು ಇರುತ್ತೆ. ನಮ್ಮದು ಇನ್ನೂ 22.05. ಅಂದ್ರೆ 2022ರ ಮೇ ತಿಂಗಳಲ್ಲೇ ನಿಂತಿದೆ. ಕೇಳಿದರೆ 'ನೋಡೋಣ ಮೇಡಂ.' ಸಾವಿರ, ಎರಡು ಸಾವಿರ ಪುಸ್ತಕದ ಲೈಬ್ರರಿಯಾದರೆ ಇದ್ಯಾವುದೂ ಬೇಡ, ಒಂದು ಒಳ್ಳೆ ನೋಟ್‌ಬುಕ್ ಸಾಕು ಅಂತಲೇ ನಾನು ಹೇಳೋದು. ನಮ್ಮಷ್ಟು ದೊಡ್ಡದಾದರೆ ಐದರಲ್ಲಿ ನಾಲ್ಕು ಕೊಡ್ತೀನಿ. ಮೊದಲ ವರ್ಷ ಕೇಳಿದ್ದರೆ ಒಂದೂವರೆ ಕೊಡ್ತಿದ್ದೆ.

ಹೋದ ತಿಂಗಳು ನನ್ನ ಲೇಖಕರ ಪಟ್ಟಿಯನ್ನು ಕೋಹಾದಿಂದಲೇ ಹೊರತೆಗೆದು ಆ ಮೈಸೂರಿನ ಹುಡುಗನಿಗೆ ಕಳಿಸಿದೆ. ಮುಯ್ಯಿ ತೀರಿತು ಅಂದುಕೊಂಡಿದ್ದೆ. ಮಾರನೇ ದಿನ ಫೋನು: 'ಅಕ್ಕಾ, ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿಯವರು ನಿಮ್ಮ ಪಟ್ಟಿಯಲ್ಲಿ ಎರಡು ಸಲ ಇದ್ದಾರೆ.' ತೆಗೆದು ನೋಡಿದೆ. ಕೆ ಮತ್ತು ಎಸ್ ನಡುವೆ ಒಂದು ಕಡೆ ಜಾಗ ಬಿಟ್ಟಿದ್ದೇನೆ, ಇನ್ನೊಂದು ಕಡೆ ಬಿಟ್ಟಿಲ್ಲ.