ನೆಲನೆಲ್ಲಿ, ಅಮೃತಬಳ್ಳಿ, ಎರಡು ಥರದ ಮಾತ್ರೆ: ನನ್ನ ಲಿವರ್ ಮೇಲೆ ಒಂದು ವರ್ಷದ ಹೋಲಿಕೆ

ಕುಡಿಯದವನಿಗೆ ಲಿವರ್ ತೊಂದರೆ ಬಂದರೆ ಊರಲ್ಲಿ ಯಾರೂ ನಂಬುವುದಿಲ್ಲ. "ಗುಟ್ಟಾಗಿ ಹಾಕ್ತಾನೆ ಕಣೋ" ಅನ್ನುತ್ತಾರೆ. ಕಳೆದ ವರ್ಷ ಜನವರಿಯಲ್ಲಿ ಹೊಟ್ಟೆನೋವು ಅಂತ ಶಿವಮೊಗ್ಗಕ್ಕೆ ಹೋಗಿ ಸ್ಕ್ಯಾನ್ ಮಾಡಿಸಿದೆ. ಫ್ಯಾಟಿ ಲಿವರ್, ಅಂದರೆ ಲಿವರ್‌ನಲ್ಲಿ ಕೊಬ್ಬು ಸೇರಿದ್ದು, ಮೊದಲ ಹಂತ (ಗ್ರೇಡ್ 1) ಅಂತ ಬಂತು. ಲಿವರ್‌ಗೆ ಪೆಟ್ಟಾದರೆ ರಕ್ತದಲ್ಲಿ ಏರುವ ಎಸ್‌ಜಿಪಿಟಿ ಅನ್ನುವ ಅಂಶ 82. ಅದು 40ರ ಆಸುಪಾಸಿನೊಳಗೆ ಇರಬೇಕು ಅಂತ ಲ್ಯಾಬ್ ಚೀಟಿಯಲ್ಲೇ ಇತ್ತು. ನನ್ನ ತೂಕ 81 ಕಿಲೋ, ಎತ್ತರ ಅದಕ್ಕೆ ತಕ್ಕಷ್ಟಿಲ್ಲ. "ಅನ್ನ ಕಡಿಮೆ ಮಾಡಿ, ನಡೀರಿ, ಐದಾರು ಕಿಲೋ ಇಳಿಸಿ" ಅಂದರು ಡಾಕ್ಟರು. ಮಾತ್ರೆ ಬರೆಯಲಿಲ್ಲ. ಮಾತ್ರೆ ಬರೆಯದ ಡಾಕ್ಟರ ಮೇಲೆ ನಮಗೆ ಒಂಚೂರು ಅನುಮಾನವೇ, ಅಲ್ವಾ?

ತೀರ್ಥಹಳ್ಳಿ ಕಡೆಯ ನಮ್ಮ ಮನೆಗೆ ಬರುವಷ್ಟರಲ್ಲಿ ಸಲಹೆಗಳು ನನಗಿಂತ ಮುಂಚೆ ತಲುಪಿದ್ದವು. ಅಮ್ಮನದು ನೆಲನೆಲ್ಲಿ. ಪಕ್ಕದ ಮನೆಯವರದು ಅಮೃತಬಳ್ಳಿ. ಬೆಂಗಳೂರಿನ ಅಳಿಯನದು ಸಿಲಿಮರಿನ್. ಮೆಡಿಕಲ್ ಅಂಗಡಿಯವನದು ಲಿವ್ 52. ಜಗಳ ಬೇಡ ಅಂತ ಒಂದೊಂದನ್ನೂ ಆರು ವಾರ ತೆಗೆದುಕೊಂಡು, ಕೊನೆಗೆ ಖಾಲಿ ಹೊಟ್ಟೆಯಲ್ಲಿ ಅದೇ ಲ್ಯಾಬಿನಲ್ಲಿ ರಕ್ತ ಕೊಟ್ಟೆ. ಒಬ್ಬನ ಮೈಮೇಲೆ ಮಾಡಿದ್ದು ದೊಡ್ಡ ಪುರಾವೆ ಆಗುವುದಿಲ್ಲ, ಅದು ಗೊತ್ತು. ನಡುವೆ ಸಂಜೆ ನಡೆಯುವುದನ್ನೂ ಶುರು ಮಾಡಿದ್ದೆ, ರಾತ್ರಿ ಅನ್ನ ಬಿಟ್ಟಿದ್ದೆ. ಅದೆಲ್ಲ ಲೆಕ್ಕದಲ್ಲಿ ಸೇರಿಕೊಂಡಿದೆ. ಆದರೂ ಚೀಟಿಗಳನ್ನು ಜೋಪಾನವಾಗಿ ಇಟ್ಟುಕೊಂಡಿದ್ದೇನೆ.

ಮೊದಲು ಸಿಲಿಮರಿನ್, ಯಾಕೆಂದರೆ ಅಳಿಯ ಡಬ್ಬಿಯನ್ನೇ ಕಳಿಸಿಬಿಟ್ಟ. ಇದು ಮೆಡಿಟರೇನಿಯನ್ ಕಡೆಯ ಒಂದು ಮುಳ್ಳುಗಿಡದ ಬೀಜದ ಸಾರ. ಎಲೆ ಮೇಲೆ ಹಾಲು ಚೆಲ್ಲಿದ ಹಾಗೆ ಬಿಳಿ ಗೆರೆ ಇರುವುದರಿಂದ ಅದಕ್ಕೆ ಮಿಲ್ಕ್ ಥಿಸಲ್ ಅಂತ ಹೆಸರು. 140 ಮಿಲಿಗ್ರಾಂನ ಮಾತ್ರೆ, ದಿನಕ್ಕೆ ಎರಡು. ರುಚಿಯಿಲ್ಲ, ವಾಸನೆಯಿಲ್ಲ, ತೊಂದರೆಯೂ ಇಲ್ಲ. ತಿಂಗಳಿಗೆ ಸಾವಿರ ರೂಪಾಯಿ ಹತ್ತಿರ ಕೈಬಿಟ್ಟಿತು. ಎಸ್‌ಜಿಪಿಟಿ 82ರಿಂದ 76. ಅಷ್ಟು ವ್ಯತ್ಯಾಸ ಸುಮ್ನೆ ಎರಡು ಬೇರೆ ದಿನ ರಕ್ತ ಕೊಟ್ಟರೂ ಬರಬಹುದು. ಯುರೋಪಿನಲ್ಲಿ ವಿಷದ ಅಣಬೆ ತಿಂದವರಿಗೆ ಇದರದೇ ಒಂದು ಅಂಶವನ್ನು ಡ್ರಿಪ್ಪಿನಲ್ಲಿ ಕೊಡುತ್ತಾರೆ. ಮಳೆಗಾಲದಲ್ಲಿ ಬುಟ್ಟಿ ಹಿಡಿದು ಅಣಬೆಗೆ ಹೋಗುವ ನಮಗೆ ಇದು ಕಿವಿ ನಿಮಿರುವ ಸುದ್ದಿಯೇ. ಆದರೆ ಡ್ರಿಪ್ ಬೇರೆ, ಮಾತ್ರೆ ಬೇರೆ. ಅಮೆರಿಕದಲ್ಲಿ ಹೆಪಟೈಟಿಸ್ ಸಿ ಇದ್ದವರಿಗೆ 420 ಮತ್ತು 700 ಮಿಲಿಗ್ರಾಂ ಹಾಗೆ ದಿನಕ್ಕೆ ಮೂರು ಸಲ, 24 ವಾರ ಕೊಟ್ಟು ನೋಡಿದ್ದರು. 2012ರಲ್ಲಿ ಫಲಿತಾಂಶ ಬಂತು: ಔಷಧಿಯಿಲ್ಲದ ಹುಸಿ ಮಾತ್ರೆಗಿಂತ ಹೆಚ್ಚೇನೂ ಆಗಲಿಲ್ಲ. ನನ್ನ ಕಾಯಿಲೆ ಬೇರೆ, ನಿಜ. ಆದರೂ ಎರಡನೇ ಡಬ್ಬಿ ತರಿಸಲಿಲ್ಲ.

ಲಿವ್ 52 ನಮ್ಮ ಮನೆಗೆ ಹೊಸದಲ್ಲ. 1955ರಲ್ಲಿ ಬಂದ ಮಾತ್ರೆ, ಅಜ್ಜನ ಕಪಾಟಿನಲ್ಲೂ ಇತ್ತು. ಅಗ್ಗ. ಲೇಬಲ್ ಓದಿದರೆ ಸಮಯ ಹೋಗುತ್ತದೆ. ಅದರಲ್ಲಿರುವ ಕಾಕಮಾಚಿ ಅಂದರೆ ನಮ್ಮ ಹಿತ್ತಲಿನ ಗಣಿಕೆ ಸೊಪ್ಪು. ಕಾಸನಿ ಅಂದರೆ ಚಿಕೋರಿ. ಕಾಫಿಪುಡಿಗೆ ಬೆರೆಸುತ್ತಾರಲ್ಲ, ಅದೇ ಗಿಡ. ಕಾಫಿಗೆ ಹಾಕುವುದು ಅದರ ಬೇರು. ಇನ್ನೊಂದು ವಿಷಯ ಓದಿ ನಗು ಬಂತು: ಎಲ್ಲರೂ ಗಿಡಮೂಲಿಕೆ ಅನ್ನುವ ಈ ಮಾತ್ರೆಯಲ್ಲಿ ಮಂಡೂರ ಭಸ್ಮವೂ ಇದೆ, ಅಂದರೆ ಕಬ್ಬಿಣದ ಕಿಟ್ಟ ಸುಟ್ಟು ಮಾಡಿದ್ದು. ಮೈಯಲ್ಲಿ ಕಬ್ಬಿಣ ಜಾಸ್ತಿ ಇರುವವರು ಡಾಕ್ಟರನ್ನು ಕೇಳಿ ತೆಗೆದುಕೊಳ್ಳುವುದು ಒಳ್ಳೆಯದು. ನನಗೆ ಹಸಿವು ಚೆನ್ನಾಗಿ ಆಯಿತು. ತೂಕ ಇಳಿಸಬೇಕಾದವನಿಗೆ ಹಸಿವು ಯಾಕೆ ಬೇಕು ಹೇಳಿ! 76 ಇದ್ದದ್ದು 73 ಆಯಿತು. ಅಷ್ಟೇ.

ಇನ್ನು ನೆಲನೆಲ್ಲಿ. ಜೂನ್ ಮಳೆ ಬಿದ್ದು ಹದಿನೈದು ದಿನಕ್ಕೆ ಅಡಿಕೆ ತೋಟದ ಬುಡದಲ್ಲೆಲ್ಲ ಅದೇ. ಗೇಣುದ್ದದ ಗಿಡ. ಹುಣಸೆ ಎಲೆ ಥರ ಸಾಲು ಎಲೆ, ಮಗುಚಿದರೆ ಕೆಳಗೆ ಸಾಸಿವೆಗಿಂತ ಒಂಚೂರು ದಪ್ಪದ ಕಾಯಿಗಳ ಸಾಲು. ಎಲ್ಲವೂ ಒಂದೇ ಅಲ್ಲ. ಬೇಕಾದದ್ದು ಹಸಿರು ದಂಟಿನದು, ಕಾಯಿ ನುಣುಪು, ಸಣ್ಣ ತೊಟ್ಟು ಇರುತ್ತದೆ. ಕೆಂಪು ದಂಟಿನದಕ್ಕೆ ಕಾಯಿ ತೊಟ್ಟಿಲ್ಲದೆ ಅಂಟಿಕೊಂಡಿರುತ್ತದೆ, ಮುಟ್ಟಿದರೆ ತರಿತರಿ. ಅಮ್ಮ ಕನ್ನಡಕ ಇಲ್ಲದೆ ಬೆರಳಲ್ಲೇ ಬೇರೆ ಮಾಡುತ್ತಾಳೆ. ನಾನು ಮೊದಲ ವಾರ ಎರಡನ್ನೂ ಕಿತ್ತು ತಂದು ಬೈಸಿಕೊಂಡೆ.

ಈ ಗಿಡದ ಹಿಂದೆ ಒಂದು ದೊಡ್ಡ ಕಥೆಯೂ ಇದೆ. 1988ರಲ್ಲಿ ಮದ್ರಾಸಿನ ತ್ಯಾಗರಾಜನ್ ಮತ್ತು ಜೊತೆಗಾರರು ಹೆಪಟೈಟಿಸ್ ಬಿ ವೈರಸ್ ಇದ್ದವರಿಗೆ 30 ದಿನ ನೆಲನೆಲ್ಲಿ ಪುಡಿ ಕೊಟ್ಟು, ಫಲಿತಾಂಶವನ್ನು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ಗಿಡ ತಿಂದ 37 ಜನರಲ್ಲಿ 22 ಜನರ ರಕ್ತದಿಂದ ವೈರಸ್ಸಿನ ಗುರುತು ಹೋಗಿತ್ತು. ಔಷಧಿಯಿಲ್ಲದ ಹುಸಿ ಪುಡಿ ತಿಂದ 23 ಜನರಲ್ಲಿ ಒಬ್ಬರಿಗೆ ಮಾತ್ರ. ಆ ವೈರಸ್ ಕಂಡುಹಿಡಿದು ನೊಬೆಲ್ ಪಡೆದ ಬ್ಲಂಬರ್ಗ್ ಅವರೂ ಆ ತಂಡದಲ್ಲಿದ್ದರು. ಎಲ್ಲ ಕಡೆ ಆಸೆ ಹುಟ್ಟಿತು. ಆಮೇಲೆ ಬೇರೆಯವರು ಮಾಡಿ ನೋಡಿದಾಗ ಆ ಫಲ ಮತ್ತೆ ಬರಲಿಲ್ಲ. ಊರಲ್ಲಿ ಮೊದಲ ಅರ್ಧ ಕಥೆ ಮಾತ್ರ ಉಳಿದುಕೊಂಡಿದೆ.

ಊರಿನ ಕಾಮಾಲೆ ಔಷಧಿಗೂ ಇದೇ ಗಿಡ. ಅರೆದು ಮಜ್ಜಿಗೆಯಲ್ಲಿ ಮೂರು ದಿನ, ಜೊತೆಗೆ ಉಪ್ಪು, ಎಣ್ಣೆ, ಖಾರ ಇಲ್ಲದ ಪಥ್ಯ. ವಾಸಿಯಾಗುತ್ತದೆ ಕೂಡ. ನೀರಿನಿಂದ ಬರುವ ಹೆಪಟೈಟಿಸ್ ಎ ಹೆಚ್ಚಿನವರಿಗೆ ಕೆಲವು ವಾರದಲ್ಲಿ ತಾನಾಗಿಯೇ ಹೋಗುತ್ತದಲ್ಲ, ಹೆಸರು ಔಷಧಿ ಕೊಟ್ಟವರಿಗೆ. ಹೆದರಬೇಕಾದ್ದು ಇನ್ನೊಂದಕ್ಕೆ. ಗದ್ದೆ ನೀರಿನಲ್ಲಿ ಕೆಲಸ ಮಾಡಿದವರಿಗೆ ಮಳೆಗಾಲದಲ್ಲಿ ಜ್ವರ, ಮೀನಖಂಡ ನೋವು ಬಂದು ಕಣ್ಣು ಹಳದಿಯಾದರೆ ಅದು ಇಲಿ ಜ್ವರ ಇರಬಹುದು. ಅದಕ್ಕೆ ಬೇಗ ಆ್ಯಂಟಿಬಯಾಟಿಕ್ ಬೇಕು. ಆವತ್ತು ನೆಲನೆಲ್ಲಿ ಅರೆಯುತ್ತ ಕೂತರೆ ಕಿಡ್ನಿಗೂ ಬರುತ್ತದೆ. ಬರೆ ಹಾಕಿಸಲು ಹೋದರಂತೂ ಮುಗಿಯಿತು.

ನಾನು ತಿಂದದ್ದು ತಂಬುಳಿ ಮಾಡಿ. ಒಂದು ಹಿಡಿ ಸೊಪ್ಪು, ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸು ತುಪ್ಪದಲ್ಲಿ ಬಾಡಿಸಿ, ಕಾಯಿತುರಿ ಜೊತೆ ಅರೆದು ಮಜ್ಜಿಗೆಗೆ. ಕಹಿ ಇದೆ, ಆದರೆ ನಾಲಿಗೆ ಹಿಂದಕ್ಕೆ ಹೋಗಿ ಕೂರುವ ಮೆಲ್ಲನೆಯ ಕಹಿ. ಮೂರನೇ ದಿನಕ್ಕೆ ಇಷ್ಟವಾಯಿತು.

ಹತ್ತು ದಿನ ಆಗಿತ್ತು. ಒಂದು ಬೆಳಿಗ್ಗೆ ಸೊಪ್ಪು ತೊಳೆಯುವಾಗ ಎಲೆ ಮೇಲೆ ತಿಳಿ ನೀಲಿ ಚುಕ್ಕೆ ಕಂಡವು. ಉಗುರಲ್ಲಿ ಕೆರೆದರೆ ಸುಣ್ಣದ ಹಾಗೆ ಪುಡಿ. ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಸಿದ್ದೆ. ಬೋರ್ಡೋ ದ್ರಾವಣ: ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಅಡಿಕೆ ಗೊನೆಗೆ ಹೊಡೆದದ್ದು ಬುಡಕ್ಕೂ ಸುರಿದಿತ್ತು. ಔಷಧಿ ಗಿಡದ ಮೇಲೆ ಔಷಧಿ! ಮೈಲುತುತ್ತ ಅಂದರೆ ತಾಮ್ರ, ಮೈಗೆ ತಾಮ್ರ ಜಾಸ್ತಿಯಾದರೆ ಹೋಗಿ ಕೂರುವುದೂ ಲಿವರ್‌ನಲ್ಲೇ. ಡಬ್ಬಿ ಮಾತ್ರೆಗೆ "ಏನೇನು ಹಾಕಿರ್ತಾರೋ" ಅಂತ ಮೂಗು ಮುರಿದ ನಾನು, ನನ್ನದೇ ತೋಟದ ಗಿಡದ ಮೇಲೆ ಏನಿದೆ ಅಂತ ನೋಡಿರಲಿಲ್ಲ. ಅಂದಿನಿಂದ ಬಾವಿಕಟ್ಟೆ ಹತ್ತಿರದ ಗಿಡ ಮಾತ್ರ. ಕಳೆನಾಶಕ ಹೊಡೆಯುವ ತೋಟದವರು ಆ ಆಸೆಯನ್ನೇ ಬಿಡಬೇಕು.

ಆರು ವಾರದ ಕೊನೆಗೆ 61. ತೂಕ ಅಷ್ಟರಲ್ಲಿ 77ಕ್ಕೆ ಇಳಿದಿತ್ತು. ಅಮ್ಮನ ಪ್ರಕಾರ ಅದು ತಂಬುಳಿಯ ಗೆಲುವು. ತಂಬುಳಿ ಇದ್ದ ದಿನ ಸಾರಿನ ಜೊತೆ ಮೂರನೇ ಸಲ ಅನ್ನ ಹಾಕಿಸಿಕೊಳ್ಳುತ್ತಿರಲಿಲ್ಲ ಅನ್ನುವುದು ನನ್ನ ಲೆಕ್ಕ.

ಸೆಪ್ಟೆಂಬರಿನಲ್ಲಿ ಅಮೃತಬಳ್ಳಿ. ಹೆಸರಲ್ಲೇ ಅಮೃತ ಇದೆ, ಇದರಿಂದ ಏನಾದೀತು ಅಂದುಕೊಂಡಿದ್ದೆ. ಕೊರೋನಾ ಕಾಲದಲ್ಲಿ ಮನೆಮನೆಯಲ್ಲೂ ಇದರ ಕಷಾಯ ಕುದಿದದ್ದು ನೆನಪಿದೆಯಲ್ಲ. ನಮ್ಮ ಮಾವಿನ ಮರಕ್ಕೇ ಹಬ್ಬಿದೆ. ಬೆರಳು ದಪ್ಪದ ತುಂಡು ಜಜ್ಜಿ, ರಾತ್ರಿ ನೆನೆಸಿ, ಬೆಳಿಗ್ಗೆ ಕುದಿಸಿ ಕುಡಿಯುತ್ತಿದ್ದೆ. ಮೂರು ವಾರವಾದ ಮೇಲೆ ಮಳೆಯಲ್ಲಿ ಬಳ್ಳಿ ಕಡಿಯಲು ಬೇಜಾರಾಗಿ ಪೇಟೆಯ ಒಂದು ಅಂಗಡಿಯಿಂದ ಪುಡಿ ತಂದೆ. ಚೀಟಿಯಲ್ಲಿ ಗುಡೂಚಿ ಚೂರ್ಣ ಅಂತ ಇತ್ತು, ಬ್ಯಾಚ್ ನಂಬರ್ ಉಜ್ಜಿ ಹೋಗಿತ್ತು. ಐದನೇ ವಾರಕ್ಕೆ ಸುಸ್ತು, ಊಟ ಸೇರುತ್ತಿಲ್ಲ. ಅಡಿಕೆ ಕೊಯ್ಲು ಶುರುವಾಗಿತ್ತು, ದಣಿವು ಅಂದುಕೊಂಡೆ. ಎಸ್‌ಜಿಪಿಟಿ ನೋಡಿದರೆ 134.

ಡಾಕ್ಟರು ಚೀಟಿ ನೋಡಿ, ಮೊದಲು ಕೇಳಿದ್ದೇ "ಏನು ಕಷಾಯ ಕುಡಿತಿದ್ದೀರಿ?" ಅವರಿಗೆ ಗೊತ್ತಿತ್ತು. 2021ರಲ್ಲಿ ಮುಂಬೈನಲ್ಲಿ ಅಮೃತಬಳ್ಳಿ ತೆಗೆದುಕೊಂಡ ಆರು ಜನರಿಗೆ ಲಿವರ್ ಊತ ಬಂದದ್ದು ವರದಿಯಾಗಿತ್ತು. ಮರುವರ್ಷ ದೇಶದ 13 ಆಸ್ಪತ್ರೆಗಳಿಂದ ಅಂಥ 43 ಜನರ ವಿವರ ಬಂತು. ಹಲವರಲ್ಲಿ ಮೈಯ ರಕ್ಷಣಾ ವ್ಯವಸ್ಥೆಯೇ ಲಿವರ್ ಮೇಲೆ ತಿರುಗಿಬಿದ್ದ ಲಕ್ಷಣ ಇತ್ತು. ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ. ನೋಡಲು ಒಂದೇ ಥರ ಇರುವ ಬೇರೆ ಬಳ್ಳಿ ಬಳಸಿರಬಹುದು ಅಂದಿತು. ಇರಬಹುದು. ನನ್ನ ವಿಷಯದಲ್ಲಿ ತೊಂದರೆ ಮಾವಿನ ಮರದ ಬಳ್ಳಿಯದೋ, ಪುಡಿಯದೋ, ಎರಡೂ ಅಲ್ಲದ ಮೂರನೆಯದೋ, ಹೇಳಲು ಬರುವುದಿಲ್ಲ. ನಿಲ್ಲಿಸಿದೆ. ಆರು ವಾರ ಬಿಟ್ಟು ಡಿಸೆಂಬರಿನಲ್ಲಿ ನೋಡಿದಾಗ 59. ಮತ್ತೆ ಕುಡಿದು ಪರೀಕ್ಷೆ ಮಾಡುವ ಧೈರ್ಯ ಇಲ್ಲ, ಡಾಕ್ಟರು ಬಿಡುವುದೂ ಇಲ್ಲ.

ಇನ್ನೂ ಎರಡರ ಮಾತು ಬೇಗ ಮುಗಿಸುತ್ತೇನೆ. ನೆಲಬೇವನ್ನು ಮೂರು ದಿನ ಪ್ರಯತ್ನಿಸಿದೆ. ಆ ಕಹಿ ಮಧ್ಯಾಹ್ನದ ಊಟದವರೆಗೂ ಬಾಯಲ್ಲಿ ಇರುತ್ತದೆ, ಬೆಲ್ಲವೂ ಕಹಿಯಾಗುತ್ತದೆ. ಕೈಮುಗಿದು ಬಿಟ್ಟೆ. ಅರಿಶಿನದ ಕ್ಯಾಪ್ಸುಲನ್ನು ಮುಟ್ಟಲೇ ಇಲ್ಲ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಕಾಲೇಜಿನವರು, ಕಾಳುಮೆಣಸಿನ ಪೈಪರಿನ್ ಜೊತೆ ಕೊಟ್ಟರೆ ಅರಿಶಿನದ ಕರ್ಕ್ಯುಮಿನ್ ರಕ್ತಕ್ಕೆ ಇಪ್ಪತ್ತು ಪಟ್ಟು ಹೆಚ್ಚು ಸೇರುತ್ತದೆ ಅಂತ ತೋರಿಸಿದ್ದರು. ಈಗ ಅದನ್ನೇ ಡಬ್ಬಿ ಮೇಲೆ ದೊಡ್ಡದಾಗಿ ಹಾಕಿ ಮಾರುತ್ತಾರೆ. ಆದರೆ ಹಾಗೆ ಬೆರೆಸಿದ ಕ್ಯಾಪ್ಸುಲ್ ತಿಂದು ಲಿವರ್ ಕೆಟ್ಟವರ ವರದಿಗಳೂ ಅಮೆರಿಕದಿಂದ ಬಂದಿವೆ. ಸಾರಿಗೆ ಹಾಕುವ ಚಿಟಿಕೆ ಅರಿಶಿನ ನನಗೆ ಸಾಕು.

ಈಗ ಏನು ಉಳಿದಿದೆ ಅಂದರೆ, ವಾರಕ್ಕೆರಡು ಸಲ ಬಾವಿಕಟ್ಟೆಯ ನೆಲನೆಲ್ಲಿ ತಂಬುಳಿ, ಮಳೆ ಇರುವವರೆಗೆ. ಅದನ್ನು ಅಡುಗೆ ಅಂತ ತಿನ್ನುತ್ತೇನೆ. ಮತ್ತೆ ಕಾಫಿ, ಸಕ್ಕರೆ ಹಾಲು ಇಲ್ಲದೆ ದಿನಕ್ಕೆ ಎರಡು ಲೋಟ. ಇದನ್ನು ಊರಲ್ಲಿ ಯಾರೂ ಲಿವರ್ ಔಷಧಿ ಅಂತ ಹೇಳಿರಲಿಲ್ಲ, ಡಾಕ್ಟರೇ ಹೇಳಿದ್ದು. ಕಾಫಿ ಕುಡಿಯುವವರಲ್ಲಿ ಸಿರೋಸಿಸ್, ಅಂದರೆ ಲಿವರ್ ಗಾಯಗಟ್ಟಿ ಗಟ್ಟಿಯಾಗುವುದು, ಕಡಿಮೆ ಕಾಣುತ್ತದೆ ಅಂತ ಹಲವು ದೇಶಗಳ ಅಧ್ಯಯನಗಳು ಹೇಳುತ್ತವಂತೆ. ಬಾಬಾಬುಡನ್‌ಗಿರಿಯ ಇಷ್ಟು ಹತ್ತಿರ ಇದ್ದುಕೊಂಡು ನಾನು ಮೆಡಿಟರೇನಿಯನ್ ಮುಳ್ಳುಗಿಡಕ್ಕೆ ಸಾವಿರ ಕೊಟ್ಟಿದ್ದೆ.

ಮೊನ್ನೆ ಪಕ್ಕದ ಬೀದಿಯವರೊಬ್ಬರು ಅಮೃತಬಳ್ಳಿ ಕೇಳಿಕೊಂಡು ಬಂದರು, ಶುಗರ್‌ಗಂತೆ. ಶುಗರ್ ಮಾತ್ರೆ ಜೊತೆ ಕುಡಿದರೆ ಸಕ್ಕರೆ ಇಳಿದು ತಲೆ ತಿರುಗಬಹುದು, ಡಾಕ್ಟರಿಗೆ ಹೇಳಿ, ಮೊದಲು ಒಂದು ಲಿವರ್ ಟೆಸ್ಟ್ ಮಾಡಿಸಿ ಅಂದೆ. ನನ್ನ 134ರ ಚೀಟಿಯನ್ನೂ ತೋರಿಸಿದೆ. ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. "ನಿಮ್ಮ ಮರದ್ದು ಸರಿಯಿಲ್ಲ ಅಂತಾಯ್ತು" ಅಂದು, ಕತ್ತಿ ಹೆಗಲಿಗಿಟ್ಟುಕೊಂಡು ಮುಂದಿನ ಮನೆಗೆ ಹೋದರು.